ಹಳ್ಳದ ಬಯಲಿಗೆ ಸಿಮೆಂಟು ಬೇಡ

(ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ರೈತರ ಶಿಬಿರದಲ್ಲಿ ಮಾಡಿದ ಭಾಷಣ)



ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಕೆಲಸ ಬಹಳವಾಗಿ ನಡೆದಿದೆ. ಬೀದಿಗಳಿಗೆ ಸಿಮೆಂಟು ಕಾಂಕ್ರೀಟು ಬಿದ್ದಿದೆ. ದೇವಸ್ಥಾನದ ಮುಂದೆ ಚಪ್ಪಡಿ ಹಾಸಿದ್ದೇವೆ. ಶಾಲೆಯ ಅಂಗಳಕ್ಕೆ ಇಂಟರ್‌ಲಾಕ್ ಬಿಲ್ಲೆ, ಮನೆಯ ಮುಂದೆ ಗಾರೆ, ಒಕ್ಕಣೆಯ ಕಣಕ್ಕೂ ಸಿಮೆಂಟು ಬಂದಿದೆ. ಇವೆಲ್ಲವನ್ನೂ ಒಟ್ಟಾಗಿ ನಾನು ಗಟ್ಟಿನೆಲ ಎಂದು ಕರೆಯುತ್ತೇನೆ. ಏಕೆಂದರೆ ಇವು ಯಾವುವೂ ಮಳೆಯ ನೀರನ್ನು ಕುಡಿಯುವುದಿಲ್ಲ.

ಗಟ್ಟಿನೆಲವೇ ಬೇಡವೆಂದು ಹೇಳಲು ನಾನು ಬಂದಿಲ್ಲ. ಕೆಸರಿನಲ್ಲಿ ಗಾಡಿಯ ಗಾಲಿ ಹೂತುಹೋಗಿ, ಹೆರಿಗೆಯ ಹೆಣ್ಣುಮಗಳನ್ನು ಮಂಚದ ಮೇಲೆ ಹೊತ್ತುಕೊಂಡು ಹೋದ ದಿನಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು. ನಾನು ಹೇಳುವುದು ಇಷ್ಟೇ. ಗಟ್ಟಿನೆಲವನ್ನು ಎಲ್ಲಿ ಹಾಕಬಹುದು, ಎಲ್ಲಿ ಹಾಕಕೂಡದು, ಹಾಕಿದ ಮೇಲೆ ಅದರ ನೀರನ್ನು ಎಲ್ಲಿಗೆ ಕಳುಹಿಸಬೇಕು ಎಂಬ ಕಟ್ಟುಪಾಡು ಪ್ರತಿಯೊಂದು ಪಂಚಾಯಿತಿಯಲ್ಲೂ ಇರಬೇಕು. ಹಳ್ಳ ಹೊಳೆಗಳ ಪಕ್ಕದ ಬಯಲಿನಲ್ಲಿಯಂತೂ ಅದು ಇದ್ದೇ ತೀರಬೇಕು.

ಈ ಮಾತನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. ಹಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ರಸ್ತೆ ಕೆಲಸದ ಮೇಲ್ವಿಚಾರಣೆ ನನ್ನ ಮೇಲಿತ್ತು. ಊರಿನ ಹೆಸರು ಬೇಡ. ಇಂಥ ಊರುಗಳು ಎಲ್ಲ ಕಡೆಯೂ ಇವೆ. ಮೇಲಿನ ಬೀದಿಗೆ 200 ಮೀಟರು ಉದ್ದ, 4 ಮೀಟರು ಅಗಲ ಕಾಂಕ್ರೀಟು ಹಾಕಿಸಿದೆವು. ಬೀದಿಯ ಕೊನೆಯಲ್ಲಿ ಹಳ್ಳದ ದಂಡೆಯ ಮೇಲೆ ಒಂದು ತಗ್ಗು ಬಯಲಿತ್ತು. ಅಲ್ಲಿ ಸಂತೆ ಕೂರಲಿ ಎಂದು ಮಣ್ಣು ತುಂಬಿ ಎತ್ತರಿಸಿ, ಅದಕ್ಕೂ ಸಿಮೆಂಟು ಹಾಕಿಸಿದೆವು. ಊರಿನವರು ನನಗೆ ಹಾರ ಹಾಕಿದರು. ನನಗೂ ಸಂತೋಷವಾಯಿತು.

ಆ ವರ್ಷ ಒಂದು ಸಂಜೆ ಒಂದೂವರೆ ಗಂಟೆಯ ಕಾಲ ಬಿರುಸಾದ ಮಳೆಯಾಯಿತು. ಮರುದಿನ ಹೋಗಿ ನೋಡಿದರೆ ಹಳ್ಳದ ಕೆಳಗಿನ ಕೇರಿಯ ಮನೆಗಳಿಗೆ ನೀರು ನುಗ್ಗಿತ್ತು. ಒಬ್ಬ ಅಜ್ಜಿ ಒದ್ದೆಯಾದ ರಾಗಿಯನ್ನು ಚಾಪೆಯ ಮೇಲೆ ಹರಡುತ್ತ ಕುಳಿತಿದ್ದರು. ನನ್ನನ್ನು ಕಂಡು, "ಮೇಲ್ಗಡೆ ಬೀದಿಯೋರಿಗೆ ರಸ್ತೆ ಮಾಡಿಕೊಟ್ಟೆ ಕಣಪ್ಪ, ನಮ್ಮನೆ ಒಳಕ್ಕೆ ಹಳ್ಳ ತಂದುಬುಟ್ಟೆ" ಎಂದರು. ಆಕೆ ಬೈಯಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದರು. ಆಕೆಗೆ ಏನು ಉತ್ತರ ಹೇಳಬೇಕೆಂದು ನನಗೆ ಆಗ ತಿಳಿಯಲಿಲ್ಲ. ಆ ದಿನ ಹೇಳಲಾಗದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರು. ಆದುದರಿಂದ 10 ಮಿಲಿಮೀಟರು ಮಳೆಗೆ ಒಂದು ಗುಂಟೆಯ ಮೇಲೆ ಸುಮಾರು ಸಾವಿರ ಲೀಟರು ಬೀಳುತ್ತದೆ. 50 ಮಿಲಿಮೀಟರಿನ ದೊಡ್ಡ ಮಳೆಗೆ ಒಂದು ಎಕರೆಯ ಮೇಲೆ ಬೀಳುವುದು ಸುಮಾರು ಎರಡು ಲಕ್ಷ ಲೀಟರು. ಹೊಲವಾದರೆ, ಮಣ್ಣು ತೀರ ನೆನೆದಿಲ್ಲದಿದ್ದಾಗ, ಅದರ ಬಹುಭಾಗವನ್ನು ಕುಡಿದುಕೊಳ್ಳುತ್ತದೆ. ನೂರಕ್ಕೆ 30 ಪಾಲು ಹರಿದುಹೋಯಿತೆಂದು ಇಟ್ಟುಕೊಂಡರೂ 60 ಸಾವಿರ ಲೀಟರಾಯಿತು. ಅದೇ ಒಂದು ಎಕರೆಗೆ ಸಿಮೆಂಟು ಹಾಕಿದ್ದರೆ ನೂರಕ್ಕೆ 90 ಪಾಲು, ಅಂದರೆ ಒಂದು ಲಕ್ಷ 80 ಸಾವಿರ ಲೀಟರು ಹರಿಯುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರು ನೀವೆಲ್ಲ ನೋಡಿದ್ದೀರಿ. ಮೊದಲು 12 ಟ್ಯಾಂಕರು ಬರುತ್ತಿದ್ದ ಕಡೆಗೆ ಈಗ 36 ಟ್ಯಾಂಕರು ಬರುತ್ತವೆ.

ಅಷ್ಟೇ ಅಲ್ಲ. ಹುಲ್ಲು, ಬದು, ಗುಂಡಿಗಳ ನಡುವೆ ನಿಧಾನವಾಗಿ ಇಳಿಯುತ್ತಿದ್ದ ನೀರು ನಯವಾದ ಸಿಮೆಂಟಿನ ಮೇಲೆ ಓಡುತ್ತದೆ. ಅರ್ಧ ದಿನದಲ್ಲಿ ಹಳ್ಳಕ್ಕೆ ಸೇರಬೇಕಾದುದು ಅರ್ಧ ಗಂಟೆಯಲ್ಲೇ ಬಂದು ಸೇರಿದರೆ ಹಳ್ಳವಾದರೂ ಏನು ಮಾಡೀತು? ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಮ್ಮದೇ. ನಾನು ಹಾಕಿಸಿದ ಆ ಒಂದು ಬೀದಿಯ ಮೇಲೆಯೇ 40 ಮಿಲಿಮೀಟರು ಮಳೆಗೆ 32 ಸಾವಿರ ಲೀಟರು ಬೀಳುತ್ತದೆ. ಎರಡೂ ಪಕ್ಕದ ಮನೆಗಳ ಮಾಳಿಗೆಯ ನೀರು ಬೇರೆ.

ಇನ್ನು ಹಳ್ಳದ ಪಕ್ಕದ ತಗ್ಗು ಬಯಲಿನ ವಿಚಾರ. ಅದನ್ನು ನಾವು ಖಾಲಿ ಜಾಗವೆಂದು ತಿಳಿಯುತ್ತೇವೆ. ಅದು ಖಾಲಿಯಲ್ಲ. ವರ್ಷದಲ್ಲಿ ಮುನ್ನೂರು ದಿನ ಅಲ್ಲಿ ದನ ಮೇಯಬಹುದು, ಹುಡುಗರು ಆಡಬಹುದು. ಉಳಿದ ಕೆಲವು ದಿನ ಅದು ಹಳ್ಳಕ್ಕೆ ಬೇಕು. ಉಕ್ಕಿ ಬಂದ ನೀರು ಅಲ್ಲಿ ಹರಡಿ, ಗೋಡನ್ನು ಅಲ್ಲಿ ಇಳಿಸಿ, ಸ್ವಲ್ಪ ಹೊತ್ತು ತಂಗಿ, ಅಷ್ಟಿಷ್ಟು ಇಂಗಿ, ಮಿಕ್ಕದ್ದು ಮೆಲ್ಲಗೆ ಮುಂದಕ್ಕೆ ಹೋಗುತ್ತದೆ. ಆ ಬಯಲನ್ನು ಎತ್ತರಿಸಿ ಸಿಮೆಂಟು ಹಾಕಿದರೆ ನೀರಿಗೆ ನಿಲ್ಲುವ ಜಾಗ ತಪ್ಪುತ್ತದೆ. ಒಂದು ದಂಡೆಯಲ್ಲಿ ಜಾಗ ತಪ್ಪಿದ ನೀರು ಎದುರು ದಂಡೆಗೋ ಕೆಳಗಿನ ಕೇರಿಗೋ ಹೋಗಲೇಬೇಕು. ಆ ಅಜ್ಜಿಯ ಮನೆಗೆ ನೀರು ಬಂದದ್ದು ಹೀಗೆ. ಮೇಲಿನ ಬೀದಿ ನೀರನ್ನು ಬೇಗ ಕಳುಹಿಸಿತು. ಎತ್ತರಿಸಿದ ಸಂತೆಮಾಳ ಅದಕ್ಕೆ ಹರಡಲು ಜಾಗ ಕೊಡಲಿಲ್ಲ. ಎರಡೂ ನನ್ನ ಕೆಲಸಗಳೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ಮಹಾಪೂರವಾಗಲಿ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳಲ್ಲಿ ಬಂದ ಪೂರವಾಗಲಿ ಊರಬೀದಿಯ ಸಿಮೆಂಟಿನಿಂದ ಬಂದದ್ದಲ್ಲ. ದಿನಗಟ್ಟಲೆ ಮಳೆ ಸುರಿದು ನೆಲವೆಲ್ಲ ನೆನೆದ ಮೇಲೆ ಹೊಲವೂ ನೀರನ್ನು ಕುಡಿಯುವುದಿಲ್ಲ. ಅಂಥ ಪೂರವನ್ನು ಪಂಚಾಯಿತಿಯ ಕಟ್ಟುಪಾಡು ತಡೆಯಲಾರದು. ಆದರೆ ಆಗಲೂ ಒಂದು ಪ್ರಯೋಜನವುಂಟು. ಹೊಳೆಯ ಬಯಲನ್ನು ಹೊಳೆಗೇ ಬಿಟ್ಟಿದ್ದ ಕಡೆ ಬೆಳೆ ಹೋಗಬಹುದು, ಮನೆ ಮತ್ತು ಜೀವ ಉಳಿಯುತ್ತವೆ. ಒಂದೆರಡು ಗಂಟೆಯ ಬಿರುಮಳೆಗೆ ನಮ್ಮೂರ ಹಳ್ಳ ಏಳುವುದೇನಿದೆ, ಅದರಲ್ಲಿ ನಮ್ಮ ಗಟ್ಟಿನೆಲದ ಪಾಲು ದೊಡ್ಡದು. ಅದು ನಮ್ಮ ಕೈಯಲ್ಲಿರುವ ಕೆಲಸ.

ಈ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಪೂರ್ವ ದಿಕ್ಕಿನ ಬೆಳ್ಳಂದೂರು, ಯಮಲೂರು, ವರ್ತೂರುಗಳು ಒಂದು ಕಾಲಕ್ಕೆ ಕೆರೆಯ ಕೆಳಗೆ ಗದ್ದೆ ಮಾಡುತ್ತಿದ್ದ ಹಳ್ಳಿಗಳು. ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತಿತ್ತು. 2007ರಲ್ಲಿ ಆ ಭಾಗದ ಊರುಗಳು ಬೃಹತ್ ಬೆಂಗಳೂರಿನೊಳಗೆ ಸೇರಿದವು. ಗದ್ದೆಬಯಲಿನ ಮೇಲೆ ರಸ್ತೆ, ಬಡಾವಣೆ, ವಾಹನ ನಿಲ್ಲಿಸುವ ಸಿಮೆಂಟು ಮೈದಾನಗಳು ಬಂದವು. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು. ಬೆಳಗಾಗುವಷ್ಟರಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳು ನೀರಿನಲ್ಲಿದ್ದುವು. ಯಮಲೂರಿನ ಕಡೆ ದೊಡ್ಡ ದೊಡ್ಡ ಕಂಪನಿಗಳ ನೌಕರರು ಕೆಲಸಕ್ಕೆ ಹೋದದ್ದು ಯಾವುದರಲ್ಲಿ ಗೊತ್ತೇ? ನಮ್ಮ ರೈತರ ಟ್ರ್ಯಾಕ್ಟರುಗಳಲ್ಲಿ.

ಅಲ್ಲಿ ಕಟ್ಟುಪಾಡು ಇರಲಿಲ್ಲವೇ ಎಂದರೆ, ಇತ್ತು. 2007ರಲ್ಲಿ ಮಂಜೂರಾದ ಬೆಂಗಳೂರಿನ ಮಹಾಯೋಜನೆಯಲ್ಲಿ ಕೆರೆಯ ಸುತ್ತ 30 ಮೀಟರು, ರಾಜಕಾಲುವೆಗಳ ಪಕ್ಕ ಅವುಗಳ ದರ್ಜೆಯ ಮೇಲೆ 50, 25 ಮತ್ತು 15 ಮೀಟರು ಜಾಗ ಬಿಡಬೇಕೆಂದು ಬರೆದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಂತರವನ್ನು ಹೆಚ್ಚಿಸಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ಹೆಚ್ಚಳವನ್ನು ರದ್ದುಪಡಿಸಿತು. ಮೀಟರುಗಳ ವ್ಯಾಜ್ಯ ನಡೆಯುತ್ತಿದ್ದಾಗ ಸಿಮೆಂಟು ಆಗಲೇ ಬಿದ್ದಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ನಮ್ಮ ಹಳ್ಳಿಗಳಲ್ಲಿ ಬಾಗಿಲು ಹಾಕಲು ಇನ್ನೂ ಹೊತ್ತಿದೆ.

ಬೇರೆ ಕಡೆಯವರು ಏನು ಮಾಡಿದ್ದಾರೆಂಬುದನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2007ರ ಬೇಸಗೆಯಲ್ಲಿ ದೊಡ್ಡ ನೆರೆ ಬಂದಿತು. ಎಷ್ಟೋ ಮನೆಗಳಿಗೆ ನೀರು ಬಂದದ್ದು ನದಿಯಿಂದಲ್ಲ, ಬೀದಿ ಅಂಗಳಗಳ ಮೇಲೆ ಹರಿದ ಮಳೆಯಿಂದ. ಜನರು ಕಾರು ನಿಲ್ಲಿಸುವುದಕ್ಕಾಗಿ ಮನೆಯ ಮುಂದಿನ ಕೈತೋಟ ತೆಗೆದು ಸಿಮೆಂಟು ಹಾಕಿಕೊಂಡಿದ್ದರು. 2008ರ ಅಕ್ಟೋಬರ್ 1ರಿಂದ ಅಲ್ಲಿ ಒಂದು ನಿಯಮ ಬಂದಿತು. ಮುಂದಿನ ಅಂಗಳದಲ್ಲಿ 5 ಚದರ ಮೀಟರಿಗಿಂತ, ಅಂದರೆ ಸುಮಾರು 54 ಚದರ ಅಡಿಗಿಂತ ಹೆಚ್ಚು ಜಾಗಕ್ಕೆ ನೀರು ಇಂಗದ ಹಾಸು ಹಾಕಿ ಆ ನೀರನ್ನು ಬೀದಿಗೆ ಬಿಡುವುದಾದರೆ ಸ್ಥಳೀಯ ಆಡಳಿತದ ಅನುಮತಿ ಬೇಕು. ನೀರು ಇಂಗುವ ಹಾಸು ಹಾಕಿದರೆ, ಇಲ್ಲವೇ ನೀರನ್ನು ತನ್ನ ತೋಟಕ್ಕೇ ತಿರುಗಿಸಿಕೊಂಡರೆ ಅನುಮತಿ ಬೇಕಿಲ್ಲ. ಈ ನಿಯಮದಲ್ಲಿ ಸಿಮೆಂಟಿಗೆ ನಿಷೇಧವಿಲ್ಲ. ನಿನ್ನ ನೀರನ್ನು ನೆರೆಯವನ ಮೇಲೆ ಹಾಕಬೇಡ ಎಂದು ಮಾತ್ರ ಅದು ಹೇಳುತ್ತದೆ.

ನಮ್ಮ ದೇಶದಲ್ಲಿಯೂ ನೆರೆ ಹರಡುವ ಬಯಲನ್ನು ಗುರುತಿಸಿ ಅದರ ಬಳಕೆಗೆ ಮಿತಿ ಹಾಕಬೇಕೆಂದು ಕೇಂದ್ರ ಸರ್ಕಾರ 1975ರಲ್ಲಿಯೇ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತು. ಆಸ್ಪತ್ರೆಯಂಥವು ಅತಿ ಎತ್ತರದ ಜಾಗದಲ್ಲಿರಬೇಕು, ಮನೆ ಕಚೇರಿಗಳು ಅದಕ್ಕಿಂತ ಸ್ವಲ್ಪ ಕೆಳಗಿರಬಹುದು, ಪದೇ ಪದೇ ನೀರು ಬರುವ ತಗ್ಗಿನಲ್ಲಿ ತೋಟ ಮತ್ತು ಆಟದ ಬಯಲು ಮಾತ್ರ ಇರಲಿ ಎಂಬುದು ಅದರ ಹಿಂದಿನ ವಿಚಾರ. ಮಣಿಪುರ ರಾಜ್ಯ 1978ರಲ್ಲಿ ಇಂಥ ಕಾಯಿದೆ ಮಾಡಿತು. ಹೆಚ್ಚಿನ ರಾಜ್ಯಗಳು ಮಾಡಲಿಲ್ಲ. ಮೇಲಿನವರು ಮಾಡಲಿ ಎಂದು ಕಾಯುತ್ತ ಕೂರುವುದಕ್ಕಿಂತ, ನಮ್ಮ ಕೈಗೆ ಕಾನೂನು ಈಗಾಗಲೇ ಏನು ಕೊಟ್ಟಿದೆಯೆಂದು ನೋಡುವುದು ಲೇಸು.

1993ನೆಯ ಇಸವಿಯ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದ ಪ್ರಕಾರ ಹೊಳೆ, ಹಳ್ಳ, ಕೆರೆ, ಕಾಲುವೆಗಳು ಸರ್ಕಾರದ ಸ್ವತ್ತು, ಅಕ್ಕಪಕ್ಕದ ಜಮೀನಿನವರದ್ದಲ್ಲ. ಅದೇ ಅಧಿನಿಯಮದ 95ನೆಯ ಪ್ರಕರಣ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ತಿರುಗಿಸುವ ಬಗ್ಗೆ ಹೇಳುತ್ತದೆ. ಪಹಣಿಯಲ್ಲಿ ಬಿ ಖರಾಬು ಎಂದು ಬರೆದಿರುವುದು ಹಳ್ಳ, ದಾರಿಗಳಂಥ ಸಾರ್ವಜನಿಕ ಜಾಗ. ಒತ್ತುವರಿ ತೆರವು ಮಾಡಿಸುವುದು ಕಂದಾಯ ಇಲಾಖೆಯ ಕೆಲಸ. ಬಡಾವಣೆಯ ನಕ್ಷೆ ನೋಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಅಧಿಕಾರಿಗಳ ಕೆಲಸ. ಆದುದರಿಂದ ಪಂಚಾಯಿತಿ ಒಂದೇ ಎಲ್ಲವನ್ನೂ ಮಾಡಲಾರದು. ಆದರೆ ತಾನು ಕೊಡುವ ಪರವಾನಗಿಗೆ ಷರತ್ತು ಹಾಕುವುದು, ತಾನು ಮಾಡಿಸುವ ಕಾಮಗಾರಿಯನ್ನು ಸರಿಯಾಗಿ ಮಾಡಿಸುವುದು, ಊರಿನ ಅಭಿಪ್ರಾಯವನ್ನು ಬರೆದು ತಹಸೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸುವುದು, ಈ ಮೂರೂ ಅದರ ಕೈಯಲ್ಲಿವೆ.

ಹಾಗಾದರೆ ಕಟ್ಟುಪಾಡು ಹೇಗಿರಬೇಕು? ಐದು ಅಂಶಗಳನ್ನು ಹೇಳುತ್ತೇನೆ, ಗುರುತು ಹಾಕಿಕೊಳ್ಳಿ.

ಒಂದನೆಯದು. ಊರಿನ ಹಿರಿಯರನ್ನು ಕರೆದುಕೊಂಡು ಹಳ್ಳದ ಉದ್ದಕ್ಕೂ ನಡೆಯಿರಿ. ಅತಿ ಹೆಚ್ಚು ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರು ತೋರಿಸುತ್ತಾರೆ. ಅಲ್ಲಲ್ಲಿ ಕಲ್ಲು ನೆಡಿ. ಗ್ರಾಮ ನಕ್ಷೆಯ ಮೇಲೂ ಆ ಗೆರೆ ಎಳೆಯಿರಿ. ಗ್ರಾಮ ಆಡಳಿತ ಅಧಿಕಾರಿಗಳು ಜೊತೆಗಿದ್ದರೆ ಒಳ್ಳೆಯದು.

ಎರಡನೆಯದು. ಆ ಗೆರೆಯ ಒಳಗೆ ಮಣ್ಣು ತುಂಬಿ ಎತ್ತರಿಸಕೂಡದು, ಸಿಮೆಂಟು ಹಾಕಕೂಡದು, ಹೊಸ ಮನೆಗೆ ಪರವಾನಗಿ ಕೊಡಕೂಡದು. ಬೆಳೆ, ಮೇವು, ಹೊಂಗೆ, ಬಿದಿರು, ಮಣ್ಣಿನ ಕಣ, ಹುಡುಗರ ಆಟದ ಬಯಲು, ಇವುಗಳಿಗೆ ಅಡ್ಡಿಯಿಲ್ಲ. ಈಗಾಗಲೇ ಅಲ್ಲಿ ವಾಸವಾಗಿರುವ ಬಡವರನ್ನು ಬೀದಿಗೆ ಹಾಕಲು ಈ ಗೆರೆಯನ್ನು ಉಪಯೋಗಿಸಕೂಡದು. ಅವರಿಗೆ ಎತ್ತರದ ಜಾಗದಲ್ಲಿ ನಿವೇಶನ ಕೊಡಿಸುವುದು ಮೊದಲು.

ಮೂರನೆಯದು. ಅಂಗಳಕ್ಕೆ ಸಿಮೆಂಟು ಹಾಕಲು ಯಾರೂ ಪಂಚಾಯಿತಿಗೆ ಅರ್ಜಿ ಕೊಡುವುದಿಲ್ಲ. ಮನೆ ಕಟ್ಟಲು ಕೊಡುತ್ತಾರೆ. ಷರತ್ತನ್ನು ಅಲ್ಲಿಯೇ ಬರೆಯಿರಿ. ನಿವೇಶನದ ಖಾಲಿ ಜಾಗದಲ್ಲಿ ಇಷ್ಟು ಪಾಲು ಮಣ್ಣಾಗಿ ಉಳಿಯಬೇಕು, ಮಾಳಿಗೆಯ ನೀರು ಇಂಗುಗುಂಡಿಗೋ ತೊಟ್ಟಿಗೋ ಹೋಗಬೇಕು ಎಂದು ಬರೆಯಿರಿ. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ನಗರದವರು ಮಾಡಬಹುದಾದುದು ನಮಗೆ ಅಸಾಧ್ಯವಲ್ಲ.

ನಾಲ್ಕನೆಯದು. ಕಾಂಕ್ರೀಟು ರಸ್ತೆಯ ಅಂದಾಜು ಪಟ್ಟಿ ಬಂದಾಗ ಸದಸ್ಯರು ಒಂದೇ ಪ್ರಶ್ನೆ ಕೇಳಬೇಕು: ಈ ರಸ್ತೆಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಕೆರೆಗೆ, ಕಟ್ಟೆಗೆ, ಹೊಂಡಕ್ಕೆ ಎಂಬ ಉತ್ತರ ನಕ್ಷೆಯಲ್ಲಿ ಕಾಣಿಸದ ಹೊರತು ಮಂಜೂರು ಮಾಡಬಾರದು. ಹಳೆಯ ಕಾಂಕ್ರೀಟಿನ ಮೇಲೆ ಹೊಸದು ಹಾಕುತ್ತ ಹೋಗಿ ಬೀದಿ ಮನೆಗಳ ಹೊಸಿಲಿಗಿಂತ ಎತ್ತರವಾಗುವುದನ್ನೂ ನಿಲ್ಲಿಸಬೇಕು.

ಐದನೆಯದು. ಮೋರಿ ಚರಂಡಿಗಳ ಹೂಳನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ ತೆಗೆಸತಕ್ಕದ್ದು. ಹೂಳು ತುಂಬಿದ ಮೋರಿ ಇದ್ದೂ ಇಲ್ಲದ ಹಾಗೆ.

ಮಣ್ಣಿನ ಗುಣವನ್ನೂ ನೋಡಬೇಕು. ಕೆಂಪು ಮಣ್ಣಿನಲ್ಲಿ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ; ಬಾವಿಗೂ ಕೊಳವೆ ಬಾವಿಗೂ ಅದರ ಫಲ ಸಿಗುತ್ತದೆ. ಎರೆ ಮಣ್ಣು ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಗುಂಡಿ ತೆಗೆದರೆ ಸೊಳ್ಳೆಯ ತೊಟ್ಟಿಯಾದೀತು. ಅಂಥ ಕಡೆ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸುವುದು ಮೇಲು. ಇಂಟರ್‌ಲಾಕ್ ಬಿಲ್ಲೆ ಹಾಕಿದರೆ ನೀರು ಇಂಗುತ್ತದೆಂದು ಕೆಲವರು ತಿಳಿದಿದ್ದಾರೆ. ಕೆಳಗೆ ಜಲ್ಲಿ ಹಾಸಿ, ನಡುವೆ ಸಂದು ಬಿಟ್ಟು ಹಾಕಿದ್ದರೆ ಇಂಗುತ್ತದೆ. ಸಿಮೆಂಟಿನ ಮೇಲೆ ಒತ್ತಾಗಿ ಕೂರಿಸಿದ್ದರೆ ಅದೂ ಗಟ್ಟಿನೆಲವೇ. ಇಂಗುಗುಂಡಿಯನ್ನು ಪಾಯಿಖಾನೆಯ ಗುಂಡಿಯ ಹತ್ತಿರ ತೆಗೆಯಕೂಡದು.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು. ನನ್ನ ಜಮೀನು, ನನ್ನ ಸಿಮೆಂಟು, ಪಂಚಾಯಿತಿಗೇನು ಎಂದು. ಜಮೀನು ನಿಮ್ಮದು ಹೌದು. ನಿಮ್ಮ ಬದುವಿನ ನೀರನ್ನು ಕೆಳಗಿನ ಹೊಲದವನ ಪೈರಿನ ಮೇಲೆ ಒಡೆದು ಬಿಟ್ಟರೆ ಆತ ಸುಮ್ಮನಿರುತ್ತಾನೆಯೇ? ಹಿರಿಯರನ್ನು ಕೂಡಿಸಿ ನ್ಯಾಯ ಕೇಳುವುದಿಲ್ಲವೇ? ಅಂಗಳದ ನೀರಿಗೂ ಅದೇ ನ್ಯಾಯ.

ಇನ್ನು ಕೆಲವರು, ಹಳ್ಳದ ಪಕ್ಕದ ಜಮೀನಿಗೆ ಬಡಾವಣೆಯವರು ಒಳ್ಳೆಯ ಬೆಲೆ ಕೊಡುತ್ತಾರೆ, ಅದನ್ನು ಏಕೆ ತಪ್ಪಿಸುತ್ತೀರಿ ಎನ್ನಬಹುದು. ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಲದಲ್ಲಿರುವ ರೈತನಿಗೆ ಆ ಬೆಲೆ ದೊಡ್ಡದು. ಆದರೆ ಮಾರಿದವನು ಒಬ್ಬ. ಅನಂತರ ಪ್ರತಿ ಮಳೆಗಾಲ ನೀರು ಹೊರುವವರು ಕೆಳಗಿನ ಮೂವತ್ತು ಮನೆಯವರು. ಅವನ ನಷ್ಟಕ್ಕೆ ದಾರಿ ಹುಡುಕೋಣ. ಗೆರೆಯ ಹೊರಗಿನ ಭಾಗವನ್ನು ಆತ ಮಾರಲಿ, ಒಳಗಿನದರಲ್ಲಿ ಮೇವು ಮರ ಬೆಳೆಯಲು ಪಂಚಾಯಿತಿ ನೆರವಾಗಲಿ. ಮೂವತ್ತು ಮನೆಯವರ ಪಾಲಿಗೆ ಯಾರೂ ಬೆಲೆ ಕಟ್ಟಿರುವುದಿಲ್ಲ ಎಂಬುದನ್ನು ಮಾತ್ರ ಮರೆಯಕೂಡದು.

ಆ ಅಜ್ಜಿಯ ಊರಿನಲ್ಲಿ ಕೊನೆಗೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ನಾವು ಸಂತೆಮಾಳದ ಹಳ್ಳದ ಕಡೆಯ ಅರ್ಧ ಭಾಗದ ಸಿಮೆಂಟು ಒಡೆಸಿ, ತುಂಬಿದ ಮಣ್ಣನ್ನು ತೆಗೆಸಿದೆವು. ಮೇಲಿನ ಬೀದಿಗೆ ಚರಂಡಿ ಮಾಡಿ ಅದರ ನೀರನ್ನು ಊರ ಹೊರಗಿನ ಹಳೆಯ ಕಟ್ಟೆಗೆ ತಿರುಗಿಸಿದೆವು. ಹಾಕುವುದಕ್ಕೆ ಒಂದು ಸಲ, ಒಡೆಯುವುದಕ್ಕೆ ಇನ್ನೊಂದು ಸಲ, ಹೀಗೆ ಊರಿನ ಹಣ ಎರಡು ಸಲ ಖರ್ಚಾಯಿತು. ಮರುವರ್ಷ ಅಂಥದೇ ಮಳೆ ಬಂದಾಗ ನೀರು ಆಕೆಯ ಮನೆಯ ಮುಂದಿನ ದಾರಿಯವರೆಗೆ ಬಂದು ನಿಂತಿತು, ಹೊಸಿಲು ದಾಟಲಿಲ್ಲ. ಕಟ್ಟೆಯಲ್ಲಿ ನಿಂತ ನೀರಿನಿಂದ ದನಗಳಿಗೆ ಸಂಕ್ರಾಂತಿಯವರೆಗೆ ಕುಡಿಯಲು ಆಯಿತು.

ನೀವು ಹಣವನ್ನು ಎರಡು ಸಲ ಖರ್ಚು ಮಾಡಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಕೆಳಗಿನ ಕೇರಿಯವರನ್ನು, ಹೆಂಗಸರನ್ನು ಮೊದಲು ಮಾತನಾಡಿಸಿರಿ. ನೀರು ಎಲ್ಲಿಗೆ ಬರುತ್ತದೆಂದು ಬಲ್ಲವರು ಅವರೇ. ನಿರ್ಣಯವನ್ನು ಬರೆಸಿ, ಸಹಿ ಹಾಕಿಸಿ, ಅದರ ಪ್ರತಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿರಿ. ಹಳ್ಳದ ಗೆರೆ ಎಲ್ಲಿದೆಯೆಂದು ಊರಿನ ಹುಡುಗರೂ ತೋರಿಸುವಂತಾಗಲಿ.